ಬೋಲ್ಟಿನ ತಲೆಯ ಮೇಲೊಂದು ಅಕ್ಷರ

ಇವತ್ತು ಹಳೇ ಜೀಪಿನ ಮುಂದಿನ ಬಂಪರ್ ಬಿಚ್ಚುತ್ತಿದ್ದೆವು. ತುಕ್ಕು ಹಿಡಿದ ಒಂದು ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟು, ವೈರ್ ಬ್ರಷ್‌ನಲ್ಲಿ ಉಜ್ಜಿದರೆ ತಲೆಯ ಮೇಲೆ ಪುಟ್ಟದೊಂದು ‘ಎಫ್’!

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯ ವಿನ್ಯಾಸದ ಜೀಪನ್ನೇ ಫೋರ್ಡ್ ಕೂಡ ತಯಾರಿಸುತ್ತಿತ್ತು. ತನ್ನ ಬಿಡಿಭಾಗಗಳ ಮೇಲೆ, ಬೋಲ್ಟುಗಳ ಮೇಲೂ, ಈ ಅಕ್ಷರ ಒತ್ತುತ್ತಿತ್ತು. 1941ರಿಂದ 1945ರೊಳಗೆ ಎರಡೂ ಕಂಪನಿ ಸೇರಿ 6 ಲಕ್ಷಕ್ಕೂ ಜಾಸ್ತಿ ಜೀಪು ಮಾಡಿದವು. ಅಷ್ಟು ಅವಸರದಲ್ಲೂ ಬೋಲ್ಟಿಗೊಂದು ಗುರುತು, ನೋಡಿ.

ಹೊಸದು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಬ್ರೇಕು, ಸ್ಟೀರಿಂಗ್‌ಗೆ ಹೊಸದೇ ಹಾಕುತ್ತೇವೆ, ಅಲ್ಲಿ ರಾಜಿ ಇಲ್ಲ. ಆದರೆ ಈ ಬೋಲ್ಟನ್ನು ಮಾತ್ರ ಸ್ವಚ್ಛ ಮಾಡಿ ಅದೇ ಜಾಗಕ್ಕೆ ಕೂರಿಸುತ್ತೇನೆ.

ನಿವೃತ್ತ ಯೋಧರ ನೆರವಿಗೆ ಹಣ ಕೂಡಿಸುವ ರ‍್ಯಾಲಿಗೆ ಈ ಗಾಡಿ ಹೋಗಬೇಕು. ಸೇನೆಯಲ್ಲಿ ಗಾಡಿ ರಿಪೇರಿ ಮಾಡಿದ ಹಿರಿಯರು ಅಲ್ಲಿಗೆ ಬಂದೇ ಬರುತ್ತಾರೆ. ಸುಮ್ನೆ ನಿಂತು ನೋಡುವವರಲ್ಲ ಅವರು, ಬಗ್ಗಿ ನೋಡುವವರು. ಅಸಲಿ ಬೋಲ್ಟು ಅವರ ಕಣ್ಣಿಗೆ ಬಿದ್ದರೆ ಎಷ್ಟು ಖುಷಿಯಾಗಬಹುದು, ಅಲ್ವಾ?

ಮುಂದೆ ವೈರಿಂಗ್ ಕೆಲಸ. ಒಳ್ಳೆಯ 6 ವೋಲ್ಟ್ ಬ್ಯಾಟರಿ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ದಯವಿಟ್ಟು ಹೇಳಿ.