ನಾಲ್ಕು ಪಾಟಾ ತೆಗೆದ ಮೇಲೆ ನಮ್ಮ ಗಾಡಿ ಸರಿಹೋಯಿತು

ನಮ್ಮ ಗಾಡಿ 2006ರದ್ದು. ಆರು ಚಕ್ರದ ಲಾರಿ. ಅಪ್ಪ ಹೊಸದಾಗಿ ತಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಮುಧೋಳ ಸುತ್ತಲಿನ ಕಬ್ಬು, ಮಹಾಲಿಂಗಪುರದ ಬೆಲ್ಲ, ಸೀಸನ್ ಮುಗಿದ ಮೇಲೆ ಗೋವಿನಜೋಳ, ಎಲ್ಲ ಹೊತ್ತಿದೆ. ಎಂಜಿನ್ ಒಂದು ಸಲ ಬಿಚ್ಚಿಸಿದ್ದೇವೆ. ಕ್ಯಾಬಿನ್ ಬಣ್ಣ ಎರಡು ಸಲ. ಆದರೆ ಹಿಂದಿನ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಮಾತ್ರ ಮೂರು ವರ್ಷ ನಮಗೆ ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಈ ಮೇ ತಿಂಗಳಲ್ಲಿ ಅದಕ್ಕೊಂದು ದಾರಿ ಸಿಕ್ಕಿತು. ಹಳೆ ಗಾಡಿ ಇಟ್ಟುಕೊಂಡವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅದಕ್ಕೇ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಂದು ಜನವರಿಯಲ್ಲಿ. ಘಟಪ್ರಭಾ ದಂಡೆಯ ಹೊಲದಿಂದ ಕಬ್ಬು ತುಂಬಿಕೊಂಡು ಮೇಲೆ ಬರುತ್ತಿದ್ದೆ. ಎರೆ ಹೊಲ, ಹಿಂದಿನ ದಿನ ನೀರು ಬಿಟ್ಟಿದ್ದರು. ಎಡಗಡೆ ಚಕ್ರ ಹುಗಿಯಿತು. ಗೇರ್ ಹಾಕಿ ಎಳೆದಾಗ ಗಾಡಿ ಮೈ ತಿರುಚಿಕೊಂಡು ಎದ್ದಿತು. ಆಮೇಲೆ ಫಟ್ ಅಂತ ಒಂದು ಸದ್ದು. ಟೈರ್ ಒಡೆಯಿತು ಅಂದುಕೊಂಡು ಇಳಿದು ನೋಡಿದರೆ, ಎಡಗಡೆಯ ಮೇನ್ ಪಾಟಾ (ಕಟ್ಟಿನ ಉದ್ದನೆಯ ಮುಖ್ಯ ಪಟ್ಟಿ) ನಟ್ಟನಡುವೆ ಎರಡು ತುಂಡಾಗಿತ್ತು. ಪಾಟಾಗಳನ್ನೆಲ್ಲ ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಮೇಲೇ ಸರಿಯಾಗಿ. ಆ ಜಾಗ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಸೀಸನ್ ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲ. ರಸ್ತೆ ಬದಿಯ ಒಂದು ಗ್ಯಾರೇಜಿಗೆ ಒಯ್ದೆವು. ಮುರಿದದ್ದನ್ನು ಬದಲಿಸಿ, ಎರಡೂ ಕಡೆ ಎರಡೆರಡು ದಪ್ಪ ಪಾಟಾ ಹೆಚ್ಚಿಗೆ ಹಾಕಿಕೊಟ್ಟರು. "ಇನ್ನ ಹತ್ತು ವರ್ಷ ಚಿಂತಿ ಬಿಡ್ರಿ" ಅಂದರು. ನಮಗೂ ಸರಿ ಅನಿಸಿತು. ಮುರಿದರೆ ಇನ್ನಷ್ಟು ಗಟ್ಟಿ ಮಾಡಬೇಕು, ಎಲ್ಲರೂ ಹಾಗೇ ಅಲ್ವಾ ಯೋಚಿಸೋದು.

ಮುಂದಿನ ಸೀಸನ್ನಿನಲ್ಲಿ ಮತ್ತೆ ಮೇನ್ ಪಾಟಾ ಹೋಯಿತು. ಅದರ ಮುಂದಿನ ಸಲ ಸೆಂಟರ್ ಬೋಲ್ಟೇ ಕಟ್ಟಾಯಿತು. ಖಾಲಿ ಗಾಡಿ ಹಿಂದಿನಿಂದ ಹಾರುತ್ತಿತ್ತು. ಲೋಕಾಪುರ ರಸ್ತೆಯ ಉಬ್ಬುಗಳಲ್ಲಿ ಕ್ಲೀನರ್ ಹುಡುಗ ತಲೆ ಮೇಲೆ ಕೈ ಇಟ್ಟುಕೊಂಡೇ ಕೂರುತ್ತಿದ್ದ. ಹಿಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿತ್ತು. ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಹಿಡಿದಿರಬೇಕಿತ್ತು. ಚಾಸಿ ಅಂದರೆ ಗಾಡಿಯ ಉಕ್ಕಿನ ಚೌಕಟ್ಟು; ಅದಕ್ಕೆ ಪಾಟಾ ಸಿಗಿಸುವ ಬ್ರಾಕೆಟ್ ಹತ್ತಿರ ಎರಡು ರಿವೆಟ್ ಸಡಿಲಾದಾಗ ಮಾತ್ರ ನನಗೆ ನಿಜವಾಗಿ ಭಯವಾಯಿತು. ಪಾಟಾ ಹೋದರೆ ಹೊಸದು ಸಿಗುತ್ತದೆ. ಚಾಸಿ ಸೀಳಿದರೆ ಗಾಡಿಯೇ ಮುಗಿಯಿತು.

ಅಪ್ಪನ ಹಳೆಯ ಪರಿಚಯದ ಮಿಸ್ತ್ರಿ ಒಬ್ಬರಿದ್ದಾರೆ. ನಾವು ಚಾಚಾ ಅಂತೀವಿ. ವಯಸ್ಸಾಗಿದೆ, ಈಗ ದಿನಕ್ಕೊಂದೇ ಕೆಲಸ ಹಿಡಿಯುತ್ತಾರೆ. ಗಾಡಿ ಒಯ್ದು ನಿಲ್ಲಿಸಿದರೆ ಪಾನಾ ಮುಟ್ಟಲೇ ಇಲ್ಲ. ಮೊದಲು ಟೇಪು ಕೇಳಿದರು. ಮುಂದಿನ ಬ್ರಾಕೆಟ್ಟಿನ ಪಿನ್ನಿನಿಂದ ಹಿಂದಿನ ಎಕ್ಸಲ್‌ವರೆಗೆ ಎರಡೂ ಕಡೆ ಅಳೆದೆವು. ಎಡಗಡೆ 11 ಮಿಲಿಮೀಟರ್ ಜಾಸ್ತಿ ಬಂತು. ಎಕ್ಸಲ್ ಓರೆಯಾಗಿ ಕೂತಿತ್ತು. ಸ್ಟೇರಿಂಗ್ ಯಾಕೆ ಓರೆ, ಟೈರ್ ಯಾಕೆ ಸವೆಯುತ್ತಿದೆ ಅನ್ನೋದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ನಾನು ಎರಡು ವರ್ಷ ಮುಂದಿನ ಚಕ್ರದ ಅಲೈನ್‌ಮೆಂಟ್ ಮಾಡಿಸುತ್ತಾ ಇದ್ದೆ. ತಪ್ಪು ಹಿಂದೆ ಇತ್ತು.

ಆಮೇಲೆ ಚಾಚಾ ಗಾಡಿ ಕೆಳಗೆ ಮಲಗಿ, ಪಾಟಾ ಕಟ್ಟನ್ನು ಎಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ತೋರಿಸಿದರು. ನಟ್ಟಿನಿಂದ ಹೊರಗೆ ಒಂದು ಎಳೆಯೂ ಕಾಣುತ್ತಿರಲಿಲ್ಲ. ಒಂದು ನಟ್ಟಂತೂ ಅರ್ಧವೇ ಹಿಡಿದಿತ್ತು. "ತಮ್ಮಾ, ಪಾಟಾ ಸೋತಿಲ್ಲ. ಪಾಟಾ ಹಿಡಿಯೋ ಬೋಲ್ಟ್ ಸೋತಾವ" ಅಂದರು.

ಒಂದೊಂದು 14 ಮಿಲಿಮೀಟರ್ ದಪ್ಪದ ಎರಡು ಪಾಟಾ ಸೇರಿಸಿದರೆ ಕಟ್ಟು 28 ಮಿಲಿಮೀಟರ್ ಎತ್ತರವಾಗುತ್ತದೆ. ಹಾಕಿದವರು ಯು ಬೋಲ್ಟ್ ಹಳೆಯದನ್ನೇ ಇಟ್ಟಿದ್ದರು. ಅದು ಗಿಡ್ಡವಾಯಿತು, ಸರಿಯಾಗಿ ಬಿಗಿಯಲಿಲ್ಲ. ಸೆಂಟರ್ ಬೋಲ್ಟ್ ಎಲ್ಲ ಪಾಟಾಗಳನ್ನು ಸಾಲಾಗಿ ಕೂರಿಸಲಿಕ್ಕೆ ಇರೋದು, ಎಕ್ಸಲ್ ಹಿಡಿಯಲಿಕ್ಕೆ ಅಲ್ಲ. ಹಿಡಿಯೋ ಕೆಲಸ ಯು ಬೋಲ್ಟಿನದು. ಅದು ಸಡಿಲಾದರೆ ಎಕ್ಸಲ್ ಹಿಂದೆ ಮುಂದೆ ಸರಿಯುತ್ತದೆ, ಸೆಂಟರ್ ಬೋಲ್ಟ್ ಕತ್ತರಿಸುತ್ತದೆ. ಇನ್ನೊಂದು ವಿಷಯ. ಬಿಗಿ ಸರಿಯಾಗಿದ್ದಾಗ ಯು ಬೋಲ್ಟ್‌ಗಳ ನಡುವಿನ ಜಾಗ ಬಾಗುವುದೇ ಇಲ್ಲ. ಸಡಿಲಾದಾಗ ಅಲ್ಲೂ ಬಾಗುತ್ತದೆ. ಅಲ್ಲೇ ತೂತಿದೆ, ಪಾಟಾ ಅಲ್ಲೇ ಸೋಲುತ್ತದೆ. ಮೊದಲ ಸಲ ತೂತಿನ ಮೇಲೇ ಮುರಿದದ್ದು ಇದೇ ಕಾರಣಕ್ಕೆ. ಅಂದರೆ ಆ ದಿನವೇ ನಮ್ಮ ಯು ಬೋಲ್ಟ್ ಸಡಿಲಿತ್ತು. ಅವತ್ತು ಬೋಲ್ಟ್ ಹೊಸದು ಹಾಕಿ ಬಿಗಿದಿದ್ದರೆ ಸಾಕಿತ್ತು.

ಬಿಚ್ಚಲು ಒಂದು ದಿನ ಪೂರ್ತಿ ಹೋಯಿತು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಹಚ್ಚಿ, ಚಾಸಿ ಕೆಳಗೆ ದಪ್ಪ ಕಟ್ಟಿಗೆಯ ದಿಮ್ಮಿ ಕೊಟ್ಟೆವು. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ. ತುಕ್ಕು ಹಿಡಿದ ನಟ್ಟು ಗ್ಯಾಸಿನಿಂದ ಕತ್ತರಿಸಿದೆವು. ಕತ್ತರಿಸುವಾಗ ಪಾಟಾಕ್ಕೆ ಬೆಂಕಿ ತಾಗಬಾರದು ಅಂತ ಚಾಚಾ ಒದ್ದೆ ಗೋಣಿ ಮುಚ್ಚಿಸಿದರು. ಪಾಟಾ ಅಂದರೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ತಯಾರಾದ ಸ್ಪ್ರಿಂಗ್ ಸ್ಟೀಲು. ಒಂದು ಕಡೆ ಬೆಂಕಿ ತಾಗಿದರೆ ಆ ಜಾಗದ ಹದ ಹೋಗುತ್ತದೆ. ಪಾಟಾದ ಮೇಲೆ ವೆಲ್ಡಿಂಗ್ ಕಿಡಿ ಕೂಡ ಬೀಳಬಾರದು. ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಪಾಟಾಗಳ ಕಟ್ಟಿನ ಸುತ್ತ ದೊಡ್ಡ ಕ್ಲಾಂಪ್ ಹಾಕಿದೆವು. ಇಲ್ಲದಿದ್ದರೆ ಪಾಟಾಗಳು ಸಿಡಿದು ಕೈಕಾಲು ಮುರಿಯುತ್ತವೆ.

ಬಿಚ್ಚಿ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟೆವು. ತಂತಿ ಬ್ರಷ್ಷಿನಿಂದ ಉಜ್ಜಿ, ಡೀಸೆಲ್ಲಿನಲ್ಲಿ ಒರೆಸಿ, ಬಿಸಿಲಲ್ಲಿ ಒಂದೊಂದನ್ನೇ ನೋಡಿದೆವು. ಬಿರುಕು ಮೇಲ್ಭಾಗದಲ್ಲೇ ಹುಡುಕಬೇಕು. ಲೋಡ್ ಬಿದ್ದು ಪಾಟಾ ಚಪ್ಪಟೆಯಾಗುವಾಗ ಎಳೆತ ಬೀಳುವುದು ಮೇಲಿನ ಮುಖಕ್ಕೆ. ನನಗೆ ಆಶ್ಚರ್ಯವಾದದ್ದು ಇಲ್ಲಿ. ಹಳೆಯ 12 ಮಿಲಿಮೀಟರ್ ಪಾಟಾಗಳು ಬಹುಪಾಲು ಚೆನ್ನಾಗಿದ್ದವು. ಗಟ್ಟಿಯಾಗಲಿ ಅಂತ ಹಾಕಿದ 14ರ ನಾಲ್ಕರಲ್ಲಿ ಎರಡು ಬಿರುಕು ಬಿಟ್ಟಿದ್ದವು.

ಮನೆಗೆ ಬಂದು ರಾತ್ರಿ ಲೆಕ್ಕ ಹಾಕಿದೆ. ಡಿಪ್ಲೊಮಾದಲ್ಲಿ ಓದಿದ್ದು ಮೊದಲ ಸಲ ಮನೆಯ ಕೆಲಸಕ್ಕೆ ಬಂತು. ಪಾಟಾದ ಗಡಸುತನ, ಅಂದರೆ ಬಾಗದೆ ನಿಲ್ಲುವ ಗುಣ, ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 12ರ ಜಾಗದಲ್ಲಿ 14 ಹಾಕಿದರೆ ಆ ಒಂದು ಪಾಟಾ ಸುಮಾರು 1.6 ಪಟ್ಟು ಗಡಸು. ನಮ್ಮದು ಒಂದು ಕಡೆಗೆ ಹತ್ತು ಪಾಟಾದ ಕಟ್ಟು. ಅಂಥ ಎರಡು ಸೇರಿಸಿದರೆ ಕಟ್ಟು ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಜಾಸ್ತಿ ಗಡಸಾಯಿತು. ಖಾಲಿ ಗಾಡಿ ಹಾರುತ್ತಿದ್ದದ್ದು ಅದಕ್ಕೇ. ಇನ್ನು, ಎಲ್ಲ ಪಾಟಾ ಒಟ್ಟಿಗೆ ಅಷ್ಟೇ ಬಾಗುವಾಗ ದಪ್ಪ ಪಾಟಾದ ಮೈಮೇಲೆ ಬೀಳುವ ಎಳೆತ ಜಾಸ್ತಿ. ತೆಳು ಕಡ್ಡಿ ಬಾಗುತ್ತದೆ, ಅಷ್ಟೇ ಬಾಗಿಸಿದರೆ ದಪ್ಪ ಕಡ್ಡಿ ಸೀಳುತ್ತದೆ. ಹಾಗಾಗಿ ದಪ್ಪದ್ದೇ ಮೊದಲು ಬಿರುಕು ಬಿಟ್ಟಿತು.

ಜಾಸ್ತಿ ಲೋಡ್ ಬಿದ್ದಾಗ ಮಾತ್ರ ಕೈಜೋಡಿಸುವ ಹೆಲ್ಪರ್ ಪಾಟಾದ ಕಥೆ ಇನ್ನೂ ಬೇಸರದ್ದು. ಲೋಡ್ ಬಿದ್ದಾಗ ಚಾಸಿ ಕೆಳಗಿಳಿದು ಹೆಲ್ಪರಿನ ತುದಿಗಳು ಬ್ರಾಕೆಟ್ಟಿಗೆ ತಾಗಬೇಕು. ಆಗ ಭಾರ ಹಂಚಿಕೆಯಾಗುತ್ತದೆ. ನಮ್ಮ ಕಟ್ಟು ಗಡಸಾಗಿ, ಹೆಲ್ಪರ್ ಬಹಳ ತಡವಾಗಿ ತಾಗುತ್ತಿತ್ತು. ಅದರ ತುದಿಯಲ್ಲಿ ತಿಕ್ಕಿದ ಹೊಳಪೇ ಇರಲಿಲ್ಲ, ಬರೀ ಧೂಳು. ಭಾರ ಹೊರಬೇಕಾದವನು ಸುಮ್ನೆ ನಿಂತಿದ್ದ, ಎಲ್ಲ ಮೇನ್ ಪಾಟಾದ ಮೇಲೆ.

ಬ್ರೇಕಿನ ವಿಷಯವನ್ನೂ ಹೇಳಲೇಬೇಕು. ನಮ್ಮ ಗಾಡಿಯಲ್ಲಿ ಎಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸರಳು ಇದೆ. ಲೋಡಿಗೆ ಚಾಸಿ ಇಳಿದಷ್ಟೂ ಅದು ವಾಲ್ವ್ ತಿರುಗಿಸಿ ಹಿಂದಿನ ಬ್ರೇಕಿಗೆ ಜಾಸ್ತಿ ಗಾಳಿ ಬಿಡುತ್ತದೆ. ಪಾಟಾ ಗಡಸಾದರೆ ಚಾಸಿ ಅಷ್ಟು ಇಳಿಯುವುದಿಲ್ಲ. ತುಂಬಿದ ಗಾಡಿಯನ್ನು ವಾಲ್ವ್ ಅರ್ಧ ಖಾಲಿ ಅಂದುಕೊಳ್ಳುತ್ತದೆ. ಮೂರು ವರ್ಷ ಹಿಂದಿನ ಬ್ರೇಕ್ ಕಡಿಮೆ ಹಿಡಿಯುವ ಗಾಡಿ ಓಡಿಸಿದ್ದೇನೆ ಅಂತ ತಿಳಿದಾಗ ಕೈ ತಣ್ಣಗಾಯಿತು. ನಿಮ್ಮ ಗಾಡಿಯಲ್ಲಿ ಈ ಸರಳು ಇದ್ದರೆ, ಪಾಟಾ ಕೆಲಸ ಆದ ಮೇಲೆ ಅದನ್ನು ಸೆಟ್ ಮಾಡಿಸದೆ ಹೊರಡಬೇಡಿ.

ಹೆಚ್ಚಿನ ನಾಲ್ಕು ಪಾಟಾ ತೆಗೆದೆವು. ಎರಡೂ ಕಡೆ ಮೇನ್ ಪಾಟಾ ಮತ್ತು ಅದರ ಕೆಳಗಿನದು ಹೊಸದು, ಕಂಪನಿ ಅಳತೆಯದೇ. ಒಂದೇ ಕಡೆ ಬದಲಿಸಿದರೆ ಗಾಡಿ ವಾಲುತ್ತದೆ. ಇಳಿದುಹೋದ ಪಾಟಾವನ್ನು ಸಮ್ಮಟಿಗೆಯಿಂದ ಬಡಿದು ಬಾಗಿಸಿಕೊಡುವವರು ಇದ್ದಾರೆ. ಮತ್ತೆ ಹದ ಮಾಡದೆ ಬರೀ ಬಡಿದದ್ದು ಕೆಲವು ತಿಂಗಳಲ್ಲಿ ಮತ್ತೆ ಕೂರುತ್ತದೆ, ನಾವು ಅದಕ್ಕೆ ಹೋಗಲಿಲ್ಲ. ಪಾಟಾದ ತುದಿಯನ್ನು ಚಾಸಿಗೆ ಸೇರಿಸುವ ಶಾಕಲ್ ಪಿನ್, ಬುಶ್ ಎಲ್ಲ ಹೊಸದು. ಹಳೆ ಪಿನ್ ಒಂದು ಕಡೆ ಬೆರಳಿಗೆ ಸಿಗುವಷ್ಟು ಸವೆದಿತ್ತು. ಅದರ ಗ್ರೀಸ್ ನಿಪ್ಪಲ್ ಮಣ್ಣಿನಿಂದ ಮುಚ್ಚಿಹೋಗಿತ್ತು, ಎಷ್ಟು ಗ್ರೀಸ್ ಹೊಡೆದರೂ ಒಳಗೆ ಹೋಗಿರಲೇ ಇಲ್ಲ. ಪಾಟಾಗಳ ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿದೆವು. ಎಕ್ಸಲ್ ಕೂರುವ ಜಾಗದಲ್ಲಿ ಮಾತ್ರ ಬಣ್ಣ, ಗ್ರೀಸ್ ಏನೂ ಇರಬಾರದು. ಬಣ್ಣ ಒತ್ತಿ ತೆಳುವಾದಂತೆ ಬಿಗಿ ಸಡಿಲಾಗುತ್ತದೆ. ರಿವೆಟ್ ಜಾಗಕ್ಕೆ ಸರಿಯಾದ ಅಳತೆಯ ಬೋಲ್ಟ್ ಬಿತ್ತು.

ಯು ಬೋಲ್ಟ್ ನಾಲ್ಕೂ ಹೊಸದು. ಒಮ್ಮೆ ಬಿಗಿದು ಎಳೆದ ಬೋಲ್ಟ್ ಮತ್ತೆ ಬಳಸಬಾರದು. ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆವು, ಕೊನೆಗೆ ಟಾರ್ಕ್ ಪಾನಾ. ಮತ್ತೆ ಟೇಪು ಹಿಡಿದೆವು. ಎರಡೂ ಕಡೆ ಸಮ.

ಪ್ಯಾರಾಬೋಲಿಕ್ ಪಾಟಾ ಹಾಕಿಸು ಅಂತ ಗೆಳೆಯ ಹೇಳಿದ್ದ. ನಡುವೆ ದಪ್ಪ, ತುದಿಗೆ ತೆಳು, ಎರಡೋ ಮೂರೋ ಪಾಟಾ, ಹಗುರ. ಹೊಸ ಗಾಡಿಗೆ ಒಳ್ಳೆಯದೇ. ಆದರೆ ಹಳೆಯ ಕಟ್ಟಿನಲ್ಲಿ ಪಾಟಾಗಳು ಒಂದಕ್ಕೊಂದು ತಿಕ್ಕಿಯೇ ಕುಣಿತ ನಿಲ್ಲುತ್ತದೆ, ಪ್ಯಾರಾಬೋಲಿಕ್‌ನಲ್ಲಿ ಆ ತಿಕ್ಕಾಟ ಕಡಿಮೆ. ಹಿಂದೆ ಶಾಕ್ ಅಬ್ಸಾರ್ಬರ್ ಬೇಕು, ಬ್ರಾಕೆಟ್ ಬದಲಾಗಬೇಕು. ಹೊಲಕ್ಕೆ ಇಳಿಯುವ ಹಳೆ ಗಾಡಿಗೆ ಬೇಡ ಅನಿಸಿತು.

ಲೋಡಿನ ಬಗ್ಗೆ ಅಪ್ಪ ಖಡಾಖಂಡಿತ. 2018ರಲ್ಲಿ ಸರ್ಕಾರ ನಾಲ್ಕು ಟೈರಿನ ಹಿಂದಿನ ಎಕ್ಸಲ್ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು. ಅದನ್ನು ಕೇಳಿ ಹಳೆ ಗಾಡಿಗೂ ಜಾಸ್ತಿ ತುಂಬಿದವರು ನಮ್ಮಲ್ಲಿ ಬಹಳ. "ಕಾಗದದಾಗ ಏರಿದ್ರ ಪಾಟಾ ಏರತೈತೇನು?" ಅನ್ನುತ್ತಾರೆ ಅಪ್ಪ. ನಮ್ಮ ಗಾಡಿ ತನ್ನ ಆರ್‌ಸಿಯಲ್ಲಿ ಇರುವಷ್ಟೇ ಹೊರುತ್ತದೆ.

ಕೆಲಸ ಮುಗಿಸಿ ಮೊದಲ ಲೋಡ್ ಗೋವಿನಜೋಳ, ಬಾಗಲಕೋಟೆಗೆ. ಸ್ಟೇರಿಂಗ್ ನೆಟ್ಟಗೆ ನಿಂತಿತು. ಇಳಿಸಿ ಬಂದ ಸಂಜೆಯೇ ಯು ಬೋಲ್ಟ್ ಮತ್ತೆ ಬಿಗಿದೆ, ಸುಮಾರು ಕಾಲು ಸುತ್ತು ತಿರುಗಿತು. ವಾರ ಬಿಟ್ಟು ನೋಡಿದಾಗ ಅಲ್ಲಾಡಲಿಲ್ಲ. ಈಗ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ಬೆಳಗ್ಗೆ ಬಗ್ಗಿ ಒಂದು ನೋಟ, ಗೆರೆ ಮುರಿದಿದ್ದರೆ ಗಾಡಿ ಹೊರಡುವುದಿಲ್ಲ. ಹೆಲ್ಪರಿನ ತುದಿ ಈಗ ಹೊಳೆಯುತ್ತಿದೆ.

ತೆಗೆದ ನಾಲ್ಕು ದಪ್ಪ ಪಾಟಾಗಳನ್ನು ಊರಿನ ಕಮ್ಮಾರರಿಗೆ ಕೊಟ್ಟೆವು. ಕಬ್ಬು ಕಡಿಯುವವರಿಗೆ ಕೊಯ್ತಾ ಮಾಡಲು ಅದಕ್ಕಿಂತ ಒಳ್ಳೆಯ ಕಬ್ಬಿಣ ಸಿಗುವುದಿಲ್ಲವಂತೆ. ಮಳೆ ಜೋರಾಗುವ ಮೊದಲು ಮುಂದಿನ ಶಾಕಲ್ ಪಿನ್‌ಗಳನ್ನೂ ಬಿಚ್ಚಬೇಕು. ಚಾಚಾ ಮುಂದಿನ ಸೋಮವಾರ ಬಾ ಅಂದಿದ್ದಾರೆ.