ಫ್ಯಾನ್ ಆಫ್ ಮಾಡಿ, ತಾತ ಮಾತಾಡ್ತಾರೆ

ಈ ಸೆಮಿಸ್ಟರ್‌ನಲ್ಲಿ ನಮ್ಮ ಮಕ್ಕಳು ಮಾಡಿದ ರೇಡಿಯೊ ಕಾರ್ಯಕ್ರಮಗಳ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಮೈಸೂರಿನ ಹತ್ತಿರದ ಒಂದು ಕ್ಯಾಂಪಸ್ ರೇಡಿಯೊದಲ್ಲಿ ವಾರಕ್ಕೆ ಎರಡು ದಿನ ಪಾಠ ಮಾಡುತ್ತೇನೆ. ಎಲ್ಲವನ್ನೂ ಹೇಳಲು ಹೋದರೆ ಮುಗಿಯುವುದಿಲ್ಲ. ಒಂದನ್ನು ಹೇಳುತ್ತೇನೆ.

ನಂಜನಗೂಡು ಕಡೆಯ ಹುಡುಗ ಒಬ್ಬ ಇದ್ದಾನೆ. ಮೊದಲ ದಿನ ಮೈಕ್ ಮುಂದೆ ಕೂರಿಸಿದರೆ 'ಪ್ರಸ್ತುತ ಸನ್ನಿವೇಶದಲ್ಲಿ' ಅಂತ ಶುರು ಮಾಡಿದ. ಅವನೊಬ್ಬನೇ ಅಲ್ಲ, ಸುಮಾರು ಎಲ್ಲರೂ ಹಾಗೆಯೇ. ಕ್ಯಾಂಟೀನಿನಲ್ಲಿ ಎಷ್ಟು ಚೆಂದ ಹರಟುವ ಮಕ್ಕಳು, ಸ್ಟುಡಿಯೊ ಬಾಗಿಲಲ್ಲಿ ಚಪ್ಪಲಿಯ ಜೊತೆ ತಮ್ಮ ಮಾತನ್ನೂ ಬಿಟ್ಟು ಒಳಗೆ ಬರುತ್ತಾರೆ. ಮನೆಯಲ್ಲಿ ತಾತನ ಹತ್ತಿರ ಮಾತಾಡುವ ಹಾಗೆ ಮಾತಾಡಪ್ಪಾ ಅಂದೆ. ಅವನು ರೆಕಾರ್ಡರ್ ತಗೊಂಡು ಸೀದಾ ತಾತನ ಹತ್ತಿರವೇ ಹೋದ.

ತಾತ ಒಂದು ಕಾಲದಲ್ಲಿ ನಂಜನಗೂಡು ರಸಬಾಳೆ ಬೆಳೆಯುತ್ತಿದ್ದವರು. ಇದು ಈ ಊರಿನದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು, ಅಂದರೆ ಭೌಗೋಳಿಕ ಸೂಚ್ಯಂಕ (ಜಿಐ) ಸಿಕ್ಕಿರುವ ಹಣ್ಣು ಅದು, ಆದರೆ ಪನಾಮಾ ರೋಗ ಬಂದು ತೋಟ ತೋಟವೇ ಖಾಲಿಯಾದವು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಗೆ ಹೋಗುತ್ತದೆ, ಎಲೆ ಹಳದಿಯಾಗಿ ಜೋತುಬೀಳುತ್ತದೆ, ಗಿಡ ಸತ್ತ ಮೇಲೂ ರೋಗ ಮಾತ್ರ ವರ್ಷಗಟ್ಟಲೆ ಮಣ್ಣಲ್ಲೇ ಉಳಿಯುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ತಾತ ಹೇಳಿದ್ದು ಬೇರೆ. ಮನೆಯಲ್ಲಿ ಗೊನೆ ಹಣ್ಣಿಗೆ ಇಟ್ಟರೆ ವಾಸನೆ ಬೀದಿಯ ತುದಿಗೆ ಗೊತ್ತಾಗುತ್ತಿತ್ತಂತೆ.

ಮೊದಲ ರೆಕಾರ್ಡಿಂಗ್ ಹಾಳಾಯಿತು. ಒಂದು ಗಂಟೆ ಮಾತಿನ ತುಂಬಾ ಫ್ಯಾನ್ ಸದ್ದು. ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಎಷ್ಟು ತೆಗೆದರೂ ತಾತನ ದನಿ ಡಬ್ಬದೊಳಗಿಂದ ಬಂದ ಹಾಗಿತ್ತು. ಹುಡುಗ ಮತ್ತೆ ಹೋದ. ಈ ಸಲ ಹಿತ್ತಿಲಲ್ಲಿ, ಉಳಿದಿದ್ದ ನಾಲ್ಕು ಗಿಡಗಳ ಪಕ್ಕ. ಗಾಳಿಗೆ ಬಾಳೆ ಎಲೆ ಪಟಪಟ ಅನ್ನುವುದೂ ಬಂತು. ಕೊನೆಯ ಗೊನೆ ಕಡಿದ ದಿನದ ಬಗ್ಗೆ ಕೇಳಿದಾಗ ತಾತ ಸುಮ್ಮನಾಗಿಬಿಟ್ಟರು, ಏಳು ಸೆಕೆಂಡ್. ಅದನ್ನು ಕತ್ತರಿಸೋಣ ಅಂತ ಅರ್ಧ ಕ್ಲಾಸು, ಬೇಡ ಅಂತ ಇನ್ನರ್ಧ. ದೊಡ್ಡ ಜಗಳವೇ ಆಯಿತು. ನಾನು ಬೇಡ ಅನ್ನುವವರ ಕಡೆ. ಉಳಿಸಿಕೊಂಡೆವು.

ನನಗೆ ಈ ಮಕ್ಕಳನ್ನು ನೋಡಿದಾಗ 1935 ನೆನಪಾಗುತ್ತದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಅವರು ಇದೇ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಬರೀ 30 ವಾಟ್. 'ಆಕಾಶವಾಣಿ' ಅನ್ನುವ ಹೆಸರು ಆ ಕೇಂದ್ರದ್ದೇ, ಆಮೇಲೆ ಇಡೀ ದೇಶದ ರೇಡಿಯೊಗೆ ಬಂತು. ಇವತ್ತು ನಮ್ಮಂಥ ಸಮುದಾಯ ರೇಡಿಯೊಗೆ 100 ವಾಟ್‌ವರೆಗೆ ಅವಕಾಶ ಇದೆ. ಹತ್ತು ಹದಿನೈದು ಕಿಲೋಮೀಟರ್ ತಲುಪಿದರೆ ಜಾಸ್ತಿ. ಆದರೆ ಆ ಹದಿನೈದು ಕಿಲೋಮೀಟರಿನೊಳಗೆ ಎಷ್ಟು ಜನ ತಾತಂದಿರು ಇದ್ದಾರೆ, ಅಲ್ವಾ?

ಒಂದು ವಿಷಯ ಮಾತ್ರ ನನಗೆ ನಿಜವಾಗಿ ನೋವು ಕೊಡುತ್ತದೆ. ಸಮುದಾಯ ರೇಡಿಯೊದಲ್ಲಿ ನಮ್ಮದೇ ವಾರ್ತೆ ಮಾಡುವ ಹಾಗಿಲ್ಲ. ಹವಾಮಾನ, ಪರೀಕ್ಷಾ ಫಲಿತಾಂಶ, ನೀರು ಕರೆಂಟಿನ ಮಾಹಿತಿ ಹೇಳಬಹುದು. ವಾರ್ತೆ ಬೇಕಿದ್ದರೆ ಆಕಾಶವಾಣಿಯದನ್ನೇ ಇದ್ದ ಹಾಗೆ, ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಹಾಕಬೇಕು. ನಾವು ಮೂರು ವರ್ಷ ಕೂತು ಸುದ್ದಿ ಬರೆಯುವುದು, ಎರಡು ಕಡೆಯವರನ್ನೂ ಕೇಳುವುದು, ಪರಿಶೀಲಿಸುವುದು ಎಲ್ಲ ಕಲಿಸುತ್ತೇವೆ. ಬುಲೆಟಿನ್ ಸ್ಟುಡಿಯೊದಲ್ಲಿ ತಯಾರಾಗುತ್ತದೆ, ಕ್ಲಾಸಿನಲ್ಲಿ ಕೇಳಿ ಅಂಕ ಕೊಡುತ್ತೇವೆ, ಅಲ್ಲಿಗೆ ಮುಗಿಯಿತು. ಸಂಜೆ ಬಸ್ ನಿಂತುಹೋದ ಊರಿನ ಬಗ್ಗೆ ಮೂವರು ಹುಡುಗಿಯರು ಮಾಡಿದ ವರದಿ ಆ ಊರಿಗೇ ಕೇಳಿಸಲಿಲ್ಲ. ಈ ನಿಯಮ ಬದಲಾಗಬೇಕು. ಪತ್ರಿಕೆ, ಟಿವಿಗೆ ಇರುವ ಜವಾಬ್ದಾರಿಯನ್ನು ನಮಗೂ ಹೊರಿಸಲಿ, ಹೊರುತ್ತೇವೆ.

ರಸಬಾಳೆಯ ಕಾರ್ಯಕ್ರಮ ಹನ್ನೆರಡು ನಿಮಿಷ ಬಂತು. ಮುಗಿದ ಮೇಲೆ ಸ್ಟುಡಿಯೊಗೆ ಮೂರು ಫೋನ್. ಮೂವರೂ ಕೇಳಿದ್ದು ಒಂದೇ, ತಾತನ ಹತ್ತಿರ ನೆಡಲು ಬಾಳೆಯ ಕಂದು (ಬುಡದಲ್ಲಿ ಬರುವ ಮರಿ) ಸಿಗುತ್ತಾ ಅಂತ. ಹುಡುಗ ನಂಬರ್ ಬರೆದುಕೊಂಡ. ರೋಗ ಇರುವ ಮಣ್ಣಿನ ಕಂದು ಕೊಟ್ಟರೆ ಅವರ ತೋಟಕ್ಕೂ ಹೋಗುತ್ತದಲ್ಲ ಮೇಡಂ ಅಂತ ಅವನೇ ಕೇಳಿದ. ಶನಿವಾರ ತೋಟಗಾರಿಕೆಯವರನ್ನು ಮಾತಾಡಿಸಲು ಹೋಗುತ್ತಿದ್ದಾನೆ, ಎರಡನೇ ಭಾಗಕ್ಕೆ.