ಕೈಯಾಡಿಸುವುದು

ಹೋದ ಭಾನುವಾರ ಒಂದು ಅರಳಿ ಗಿಡ ಕಿತ್ತೆ.

ಮೈಸೂರಿನ ಹಳೇ ಪೇಟೆಯಲ್ಲಿ ನನ್ನದೊಂದು ಸಣ್ಣ ಮಳಿಗೆ ಇದೆ. ಬಾಡಿಗೆಯದು. ಕರಣೆ, ತೂಗುಗುಂಡು, ಬಾಂಡ್ಲಿ, ಒಂದಷ್ಟು ಸರ್ವೆ ಕಂಬ, ಹಗ್ಗ ಎಲ್ಲ ಅಲ್ಲೇ ಇಟ್ಟುಕೊಳ್ಳುತ್ತೇನೆ. ಮನೆಗಳ ಪ್ಲಾಸ್ಟರಿಂಗ್, ಸಣ್ಣಪುಟ್ಟ ರಿಪೇರಿ ನನ್ನ ಕಸುಬು. ಮಳಿಗೆಗಳ ಆ ಸಾಲು ಮಹಾರಾಜರ ಕಾಲದ್ದು. ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಮದ್ರಾಸ್ ತಾರಸಿ. ಈಗ ಸಾರ್ವಜನಿಕ ಆಸ್ತಿ. ಯಾವ ಸಾಲು, ಯಾವ ಕಚೇರಿ ಅಂತ ಹೆಸರು ಹೇಳುವುದಿಲ್ಲ. ಮೈಸೂರಲ್ಲಿ ಇಂಥ ಕಟ್ಟಡ ಒಂದಲ್ಲ ಎರಡಲ್ಲ.

ಮೂರು ವರ್ಷದ ಹಿಂದೆ ನನ್ನ ಮಳಿಗೆಯ ಮೇಲೆ, ತಾರಸಿ ಅಂಚಿನ ಕೈಪಿಡಿ ಗೋಡೆಯಲ್ಲಿ ಆ ಗಿಡ ಕಾಣಿಸಿತು. ಬೆರಳುದ್ದ ಇತ್ತು. ನಾಲ್ಕೇ ಎಲೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ. ಎರಡು ಬೆರಳಲ್ಲಿ ಹಿಡಿದು ಎಳೆದಿದ್ದರೆ ಬರುತ್ತಿತ್ತು. ಆದರೆ ಬಾಡಿಗೆದಾರರು ಕಟ್ಟಡ ಮುಟ್ಟಬಾರದು ಅಂತ ನಿಯಮ ಇದೆ. ಕಚೇರಿಗೆ ಹೋಗಿ ಹೇಳಿದೆ. ಅರ್ಜಿ ಕೊಡಿ ಅಂದರು, ಕೊಟ್ಟೆ. ಎಸ್ಟಿಮೇಟ್ ಆಗಬೇಕು ಅಂದರು. ಆಮೇಲೆ ಅನುದಾನ ಬರಬೇಕು ಅಂದರು. ಹೀಗೇ ಮೂರು ಮಳೆಗಾಲ ಹೋಯಿತು. ಗಿಡ ನನ್ನ ಮುಂಗೈ ದಪ್ಪ ಆಯಿತು. ಬೇರು ಇಟ್ಟಿಗೆ ಸಂದಿಯಲ್ಲಿ ಇಳಿದು, ಗೋಡೆ ಬಾಯಿ ಬಿಟ್ಟಿತು. ಆ ಬಿರುಕಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಒಳಗೆ ಗೋಡೆಯೆಲ್ಲ ತೇವ. ಸಿಮೆಂಟ್ ಮೂಟೆ ಇಟ್ಟರೆ ವಾರಕ್ಕೇ ಗಟ್ಟಿ ಆಗುತ್ತದೆ.

ಒಬ್ಬ ಆಳಿನ ಅರ್ಧ ದಿನದ ಕೂಲಿಗೆ ಮುಗಿಯುತ್ತಿದ್ದ ಕೆಲಸ ಅದು. ಈಗ ಆ ಮೂಲೆ ಬಿಚ್ಚಿ ಕಟ್ಟಬೇಕು.

ನಮ್ಮ ಹಳ್ಳಿ ಕಡೆ ಒಂದು ಮಾತಿದೆ, ಮನೆ ಕೈಯಾಡಿಸುವುದು. ನಾಡಹೆಂಚಿನ ಮನೆ ಇದ್ದವರಿಗೆ ಗೊತ್ತು. ಮಳೆ ಶುರುವಾಗೋಕೆ ಮುಂಚೆ ಒಬ್ಬ ಮೇಲೆ ಹತ್ತಿ ಒಂದೊಂದೇ ಹೆಂಚು ಎತ್ತಿ, ಕಸ ಗುಡಿಸಿ, ಒಡೆದದ್ದು ತೆಗೆದು, ಮತ್ತೆ ಜೋಡಿಸುತ್ತಿದ್ದ. ವರ್ಷ ವರ್ಷ ಮಾಡಲೇಬೇಕು. ದುಡ್ಡಿಲ್ಲದ ಮನೆಯವರೂ ಮಾಡಿಸುತ್ತಿದ್ದರು. ಮಾಡದಿದ್ದರೆ ಜಂತೆ ಕೊಳೆಯುತ್ತದೆ, ಆಮೇಲೆ ಮನೆಯೇ ಕೂತುಬಿಡುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಯುಗಾದಿಗೆ ಸುಣ್ಣ ಬಳಿಯುವುದೂ ಹಾಗೇ ಅಲ್ವಾ? ಹಬ್ಬದ ಅಂದಕ್ಕೆ ಅಂತ ಶುರು ಮಾಡಿದರೂ, ಗೋಡೆಯ ಪ್ರತಿ ಮೂಲೆಯನ್ನು ವರ್ಷಕ್ಕೊಮ್ಮೆಯಾದರೂ ಒಬ್ಬರು ಹತ್ತಿರದಿಂದ ನೋಡಿದ ಹಾಗಾಗುತ್ತಿತ್ತು.

ನಮ್ಮಪ್ಪ ಗಾರೆ ಮೇಸ್ತ್ರಿ. ಅವ್ವ ತಾರಸಿ ಬಡಿಯೋಕೆ ಹೋಗುತ್ತಿದ್ದಳು. ಮದ್ರಾಸ್ ತಾರಸಿ ಅಂದರೆ ತೇಗದ ತೊಲೆ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕಟ್ಟುವುದು. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಕಲಸಿ ಹಾಕಿ ಬಡಿಯಬೇಕು. ಹೆಂಗಸರು ಎದುರುಬದುರು ಎರಡು ಸಾಲಾಗಿ ಕೂತು, ಕೈಯಲ್ಲಿ ಮರದ ಕೊಡತಿ ಹಿಡಿದು, ಪದ ಹೇಳಿಕೊಂಡು ಒಂದೇ ತಾಳಕ್ಕೆ ಬಡಿಯುತ್ತಿದ್ದರು. ಬಡಿಯುತ್ತಾ ಬಡಿಯುತ್ತಾ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಕೊಡತಿ ಏಟು ಬಿದ್ದಾಗ ತಾರಸಿ ಟಣ್ ಅನ್ನುವವರೆಗೂ ಬಿಡುತ್ತಿರಲಿಲ್ಲ. ಸಂಜೆ ಮನೆಗೆ ಬಂದ ಅವ್ವನ ಕೈ ಬೆಲ್ಲದ ವಾಸನೆ ಬರುತ್ತಿತ್ತು. ಅಂಗೈ ಪೂರ್ತಿ ಬೊಬ್ಬೆ. ಅವ್ವ ಈಗಿಲ್ಲ. ಅವಳು ಬಡಿದ ಒಂದೆರಡು ತಾರಸಿ ಇನ್ನೂ ಮೈಸೂರಲ್ಲಿ ಇವೆ, ಆ ದಾರಿಯಲ್ಲಿ ಹೋದರೆ ನನಗೆ ಗೊತ್ತಾಗುತ್ತದೆ.

ಗಾರೆ ಕಟ್ಟಡಕ್ಕೆ ಸಾವಿಲ್ಲ, ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು ಅಂತ ಅಪ್ಪ ಈಗಲೂ ಹೇಳುತ್ತಾರೆ. ತಾರಸಿಯ ನೀರು ಹೋಗೋ ಕೊಳವೆಯಲ್ಲಿ ಎಲೆ ಕಟ್ಟಿಕೊಳ್ಳಬಾರದು. ಸಂದಿಯಲ್ಲಿ ಗಿಡ ಹುಟ್ಟಬಾರದು. ಅಷ್ಟೇ.

ಅಷ್ಟು ಮಾಡದೆ ಹೋದರೆ ಏನಾಗುತ್ತದೆ ಅಂತ ನಮ್ಮ ಊರು ಕಣ್ಣಾರೆ ನೋಡಿದೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾನು ಚಿಕ್ಕವನಿದ್ದಾಗ ಹಳೇ ಪಠ್ಯಪುಸ್ತಕ ತರೋಕೆ ಅಪ್ಪನ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ಅದು ಬಿದ್ದು ನಾಲ್ಕು ವರ್ಷಕ್ಕೆ, 2016ರ ಆಗಸ್ಟ್ 28, ಭಾನುವಾರ, ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲ ಕಡೆ ಬಿತ್ತು. ಧನ್ವಂತ್ರಿ ರಸ್ತೆ ಕಡೆಯದು. ಅದೂ ರಿಪೇರಿ ನಡೆಯುತ್ತಿರುವಾಗಲೇ ಬಿದ್ದದ್ದು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಭಾಗ. ಅದೇ ತಿಂಗಳು ಅರಮನೆ ಕೋಟೆ ಗೋಡೆಯ ಒಂದು ತುಂಡು. ಎಲ್ಲ ಮಳೆಗಾಲದಲ್ಲೇ. ಮಳೆ ಜಾಸ್ತಿ ಆಯಿತು ಅಂತ ಪ್ರತಿ ಸಲ ಹೇಳುತ್ತಾರೆ. ಈ ಕಟ್ಟಡಗಳು ನೂರು ವರ್ಷ ಮಳೆ ನೋಡಿವೆ.

ಬಿದ್ದ ಮೇಲೆ ಏನಾಗುತ್ತದೆ? ಸಮಿತಿ ಆಗುತ್ತದೆ. ದೇವರಾಜ ಮಾರುಕಟ್ಟೆ ವಿಚಾರದಲ್ಲಿ ಕೆಡವಿ ಹೊಸದಾಗಿ ಕಟ್ಟಬೇಕು ಅಂದ ತಜ್ಞರಿದ್ದಾರೆ, ಉಳಿಸಬಹುದು ಅಂದ ತಜ್ಞರೂ ಇದ್ದಾರೆ. ವಿಷಯ ಹೈಕೋರ್ಟ್‌ವರೆಗೂ ಹೋಯಿತು. ನಾನು ಉಳಿಸಬಹುದು ಅನ್ನುವವರ ಕಡೆ. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಕುಂಕುಮದ ಗುಡ್ಡೆ ಎಲ್ಲ ಇರೋ ಆ ಓಣಿಗಳನ್ನು ಕಾಂಕ್ರೀಟಿನಲ್ಲಿ ಮತ್ತೆ ಕಟ್ಟೋಕೆ ಆಗುವುದಿಲ್ಲ. ಆದರೆ ನನ್ನ ಮಾತು ಅದಕ್ಕಿಂತ ಸಣ್ಣದು. ಹೊಸದಾಗಿ ಕಟ್ಟಿದರೂ ಆರನೇ ವರ್ಷಕ್ಕೆ ಅಲ್ಲೂ ಅರಳಿ ಹುಟ್ಟುತ್ತದೆ. ಅದನ್ನು ಕೀಳೋಕೆ ಯಾರಿಗೆ, ಯಾವ ದುಡ್ಡಿನಲ್ಲಿ ಹೇಳಿದ್ದೀರಿ? ಇದನ್ನು ಮೊದಲೇ ಬರೆದಿಡಬೇಕು.

ದುಡ್ಡಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ರೈಲು ಹಳಿ ಜೋಡಿ ಮಾಡೋಕೆ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಇಟ್ಟಿಗೆ, ಗಾರೆಯದೇ ಕಟ್ಟಡ. 2017ರಲ್ಲಿ ಅದನ್ನು ಒಂದು ಇಟ್ಟಿಗೆಯೂ ಬಿಚ್ಚದೆ ಇಡಿಯಾಗಿ ಎತ್ತಿ, ನೂರು ಮೀಟರ್‌ಗೂ ಜಾಸ್ತಿ ದೂರ ಸರಿಸಿ ಕೂರಿಸಿದರು. ಕೋಟಿಗಟ್ಟಲೆ ಖರ್ಚಾಯಿತು. ಮಾಡಿದ್ದು ಸರಿಯೇ. ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಅವರು ಗೋಡೆ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಿದ್ದರು. ಬೇಕು ಅಂದರೆ ನಮ್ಮ ಸರ್ಕಾರಗಳು ಎಂಥ ಕೆಲಸವನ್ನೂ ಮಾಡುತ್ತವೆ.

ಅರಮನೆ ನೋಡಿ. ಮರದ ಹಳೇ ಅರಮನೆ 1897ರಲ್ಲಿ ಸುಟ್ಟುಹೋಗಿ, ಈಗಿನದು 1912ರಲ್ಲಿ ಮುಗಿಯಿತು. ಆಗಿನ ಖರ್ಚು 41,47,913 ರೂಪಾಯಿ ಅಂತ ಪೈಸೆ ಬಿಡದಂತೆ ಲೆಕ್ಕ ಸಿಗುತ್ತದೆ. ಅಲ್ಲಿಗೆ ಜನ ಟಿಕೆಟ್ ತಗೊಂಡು ಬರುತ್ತಾರೆ, ಆ ದುಡ್ಡಿನಿಂದ ನಿರ್ವಹಣೆ ನಡೆಯುತ್ತದೆ. ಸುಮಾರು ಲಕ್ಷ ಬಲ್ಬಿನಲ್ಲಿ ಒಂದು ಸುಟ್ಟರೆ ಬದಲಾಯಿಸೋಕೆ ಜನ ಇದ್ದಾರೆ. ಸೋಮನಾಥಪುರಕ್ಕೂ ದಿನಾ ನೋಡಿಕೊಳ್ಳುವವರಿದ್ದಾರೆ. ಹದಿಮೂರನೇ ಶತಮಾನದ ದೇವಸ್ಥಾನ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅದು ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ. ದೇಶದಲ್ಲಿ ಆ ಇಲಾಖೆ ನೋಡಿಕೊಳ್ಳುವ ಸ್ಮಾರಕ ಸುಮಾರು 3,690 ಮಾತ್ರ. ಟಿಕೆಟ್ ಇರೋದಕ್ಕೆ, ಪಟ್ಟಿಯಲ್ಲಿ ಇರೋದಕ್ಕೆ ದಿನಾ ಕೈ ಬೀಳುತ್ತದೆ. ಜನ ದಿನಾ ಬಳಸುವ ಮಾರುಕಟ್ಟೆ, ಶಾಲೆ, ಛತ್ರ, ಆಸ್ಪತ್ರೆಗೆ ಬೀಳುವುದಿಲ್ಲ.

ಇನ್ನೊಂದು ವಿಷಯ ಬರೆಯಬೇಕು. ಬರೆಯೋಕೆ ಕಷ್ಟ ಆಗುತ್ತದೆ.

ಸುಮಾರು ಹದಿಮೂರು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಒಂದು ಹಳೇ ಸರ್ಕಾರಿ ಕಟ್ಟಡದ ಕೆಲಸಕ್ಕೆ ಹೋಗಿದ್ದೆ. ಹೊರಗೋಡೆಯ ಗಾರೆ ಅಲ್ಲಲ್ಲಿ ಉದುರಿತ್ತು. ಎಸ್ಟಿಮೇಟ್‌ನಲ್ಲಿ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಪ್ಲಾಸ್ಟರ್ ಅಂತ ಬರೆದಿತ್ತು. ಗಾರೆ ಗೋಡೆಗೆ ಸಿಮೆಂಟ್ ಹೊಡೆಯಬಾರದು. ಗಾರೆ ಉಸಿರಾಡುತ್ತದೆ, ಒಳಗೆ ಹೋದ ತೇವ ಹೊರಗೆ ಬರುತ್ತದೆ. ಸಿಮೆಂಟ್ ಅದಕ್ಕೆ ಬಾಯಿ ಕಟ್ಟಿದ ಹಾಗೆ. ಇದನ್ನೇ ಅಲ್ಲಿದ್ದ ಹುಡುಗ ಎಂಜಿನಿಯರ್‌ಗೆ ಹೇಳಿದೆ.

'ಮೇಸ್ತ್ರಿ, ನೀವು ಹೇಳೋದು ನಿಜ ಇರಬಹುದು. ಎಸ್ಟಿಮೇಟ್‌ನಲ್ಲಿ ಇಲ್ಲದ್ದು ಮಾಡಿದರೆ ಬಿಲ್ ಹೇಗೆ ಬರೆಯಲಿ? ಮಾರ್ಚ್ ಬೇರೆ ಬಂತು' ಅಂದರು.

ಆ ಹುಡುಗ ಕೆಟ್ಟವರಲ್ಲ. ಮಾರ್ಚ್ 31ರೊಳಗೆ ಖರ್ಚಾಗದ ದುಡ್ಡು ವಾಪಸ್ ಹೋಗುತ್ತದೆ. ಸರ್ಕಾರಿ ಕೆಲಸದ ಎಸ್ಟಿಮೇಟ್ ಎಸ್‌ಆರ್ ದರಪಟ್ಟಿ ನೋಡಿ ಹಾಕುತ್ತಾರೆ. ಟೆಂಡರ್ ಕಾಯ್ದೆ ಪ್ರಕಾರ ಕಡಿಮೆ ಕೂಗಿದವರಿಗೆ ಕೆಲಸ. ಆ 1999ರ ಕಾಯ್ದೆ ಬಂದದ್ದು ಒಳ್ಳೇದಕ್ಕೇ, ದುಡ್ಡು ಸೋರಬಾರದು ಅಂತ. ಆದರೆ ಸುಣ್ಣ ಅರಳಿಸಿ, ವಾರಗಟ್ಟಲೆ ಕೊಳೆಹಾಕಿ, ಅರೆದು, ಹದ ಬರುವವರೆಗೆ ಕಾಯುವವನು ಕಡಿಮೆ ಕೂಗೋಕೆ ಆಗುವುದಿಲ್ಲ.

ಸಿಮೆಂಟೇ ಹೊಡೆದೆ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದರು, ಕೂಲಿ ಬೇಕಿತ್ತು. ವಿಷಯ ಗೊತ್ತಾಗಿ ಅಪ್ಪ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಎರಡು ಮಳೆಗಾಲ ಕಳೆಯುವುದರಲ್ಲಿ ಪ್ಲಾಸ್ಟರ್ ಹೊಟ್ಟೆ ಬಿಟ್ಟಿತು. ಮೂರನೇ ವರ್ಷ ಹಾಳೆ ಹಾಳೆಯಾಗಿ ಬಿತ್ತು. ಬೀಳುವಾಗ ನೂರು ವರ್ಷದ ಹಳೇ ಗಾರೆಯನ್ನೂ ಕಿತ್ತುಕೊಂಡು ಬಂತು. ಆ ರಸ್ತೆಯಲ್ಲಿ ಈಗಲೂ ನಾನು ತಲೆ ಎತ್ತಿ ನೋಡುವುದಿಲ್ಲ.

ಅದಕ್ಕೇ ಕೇಳುತ್ತೇನೆ. ಬಜೆಟ್‌ನಲ್ಲಿ ಸಂರಕ್ಷಣೆಗೆ ಇಷ್ಟು ಕೋಟಿ ಅಂತ ಓದುವಾಗ, ಅದರ ಪಕ್ಕದಲ್ಲೇ ಕೈಯಾಡಿಸೋಕೆ ಇಷ್ಟು ಸಾವಿರ ಅಂತ ಇನ್ನೊಂದು ಸಾಲು ಇರಲಿ. ಪ್ರತಿ ಹಳೇ ಕಟ್ಟಡದ ಹೆಸರಿನ ಮುಂದೆ, ಪ್ರತಿ ವರ್ಷ. ಆ ದುಡ್ಡು ಏಪ್ರಿಲ್‌ನಲ್ಲೇ ಕೈಗೆ ಬರಲಿ, ಮೇ ಮುಗಿಯುವುದರೊಳಗೆ ಖರ್ಚಾಗಲಿ. ಮಳೆ ಬಂದ ಮೇಲೆ ಬಂದರೆ ಪ್ರಯೋಜನ ಇಲ್ಲ. ಅದಕ್ಕೆ ದೊಡ್ಡ ಟೆಂಡರ್ ಬೇಡ. ಗಾರೆ ಗೊತ್ತಿರುವ ಒಬ್ಬ ಮೇಸ್ತ್ರಿ, ಇಬ್ಬರು ಆಳು, ಒಂದು ಏಣಿ. ಹತ್ತಿದವರ ಹೆಸರು, ದಿನ, ಏನು ಕಿತ್ತರು, ಎಲ್ಲಿ ನೀರು ಇಳಿಯುತ್ತಿತ್ತು ಅಂತ ಒಂದು ಪುಸ್ತಕದಲ್ಲಿ ಬರೆದು ಅಲ್ಲೇ ಇಡಲಿ. ಮುಂದಿನ ವರ್ಷ ಬಂದವನು ಅದನ್ನು ನೋಡಿಕೊಂಡು ಹತ್ತಲಿ.

ಗಾರೆ ಗೊತ್ತಿರುವವರು ಎಲ್ಲಿದ್ದಾರೆ ಅಂತ ಕೇಳಬಹುದು. ಕಡಿಮೆ ಆಗಿದ್ದಾರೆ, ನಿಜ. ಅಪ್ಪನ ಜೊತೆ ಕೆಲಸ ಮಾಡಿದ ಮೇಸ್ತ್ರಿಗಳಲ್ಲಿ ಏಣಿ ಹತ್ತುವವರು ಈಗ ಒಬ್ಬರೂ ಇಲ್ಲ. ವರ್ಷಕ್ಕೆ ಎರಡು ತಿಂಗಳಾದರೂ ಖಚಿತವಾಗಿ ಕೆಲಸ ಸಿಗುತ್ತದೆ ಅಂದರೆ ಹುಡುಗರು ಕಲಿಯುತ್ತಾರೆ. ನಾನೇ ಕಲಿಸುತ್ತೇನೆ. ಕಲಿಯೋಕೆ ನನ್ನ ಹತ್ತಿರ ಬಂದ ಒಬ್ಬ ಹುಡುಗ ಎರಡು ತಿಂಗಳಿದ್ದು ಟೈಲ್ಸ್ ಕೆಲಸಕ್ಕೆ ಹೋದ. ಅವನನ್ನು ಹೇಗೆ ತಡೆಯಲಿ? ಟೈಲ್ಸ್‌ನಲ್ಲಿ ದಿನಾ ಕೂಲಿ ಇದೆ.

ಭಾನುವಾರ ಬೆಳಗ್ಗೆ ಯಾರನ್ನೂ ಕೇಳದೆ ಏಣಿ ಹಾಕಿದೆ. ಪಕ್ಕದ ಮಳಿಗೆಯವರು ಕೆಳಗೆ ಏಣಿ ಹಿಡಿದುಕೊಂಡರು. ಗರಗಸದಲ್ಲಿ ಕಾಂಡ ಕೊಯ್ದು, ಉಳಿಯಿಂದ ಸಂದಿ ಬಿಡಿಸಿ, ಬೇರು ಎಳೆಯುತ್ತಾ ಹೋದೆ. ಒಂದೂವರೆ ಮೊಳ ಬಂತು, ಆಮೇಲೆ ಕಿತ್ತುಹೋಯಿತು. ಬಿರುಕಿಗೆ ಸುಣ್ಣದ ಗಾರೆ ತುಂಬಿದೆ. ಬೆಲ್ಲದ ನೀರು ಹಾಕಿಯೇ ಕಲಸಿದ್ದೆ. ನೀರಿನ ಕೊಳವೆಯಿಂದ ಎರಡು ಬಾಂಡ್ಲಿ ಎಲೆ, ಮಣ್ಣು, ಒಂದು ಹರಿದ ಗಾಳಿಪಟ ತೆಗೆದೆ.

ಆ ಬೇರನ್ನು ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಕಣ್ಣು ಸರಿಯಾಗಿ ಕಾಣಿಸುವುದಿಲ್ಲ, ಕೈಯಲ್ಲಿ ಹಿಡಿದು ಉದ್ದಕ್ಕೂ ಸವರಿ ನೋಡಿದರು. ತುದಿಗೆ ಬಂದು ಬೆರಳು ನಿಲ್ಲಿಸಿದರು.

'ತುಂಡಾಗ್ಯದೆ ಕಣೋ ಇದು.'

'ಹೂಂ ಅಪ್ಪ, ಅರ್ಧ ಒಳಗೇ ಉಳೀತು.'

'ಹಂಗಾದ್ರೆ ಮುಂದಿನ್ ವರ್ಷ ಮತ್ತೆ ಹತ್ತಬೇಕು. ಮಳೆಗೆ ಮುಂಚೆ ಹತ್ತು.'